ಬೆಳ್ಳಗಾಗಿ ಬಂದ ಚಪ್ಪಲಿ

ಅಥಣಿಯ ಗೆಳೆಯನ ವಾಟ್ಸ್‌ಆ್ಯಪ್ ಬಂದಾಗ ರಾತ್ರಿ ಹನ್ನೊಂದು. ಎರಡು ಫೋಟೋ ಇದ್ದವು. ಮೊದಲನೆಯದು ಅವನೇ ತೆಗೆದದ್ದು. ಕೊಲ್ಹಾಪುರಿ ಚಪ್ಪಲಿ ಮಜ್ಜಿಗೆಯಲ್ಲಿ ಅದ್ದಿ ತೆಗೆದಂತೆ ಬೆಳ್ಳಗೆ, ಅಲ್ಲಲ್ಲಿ ತಿಳಿ ಹಳದಿ. ಎರಡನೆಯದು ಬೆಂಗಳೂರಿನ ಗಿರಾಕಿ ಪಾರ್ಸೆಲ್ ಬಿಚ್ಚಿದ ಮೇಲೆ ತೆಗೆದದ್ದು. ಅದೇ ಜೋಡಿ, ಆದರೆ ಬಣ್ಣ ಹಳೇ ಬೆಲ್ಲದ್ದು. ಕೆಳಗೆ ಗಿರಾಕಿಯ ಒಂದು ಸಾಲು: ‘ನಾನು ಆರ್ಡರ್ ಮಾಡಿದ್ದು ಇದಲ್ಲ, ಹಣ ವಾಪಸ್ ಹಾಕಿ.’

ಅದರ ಕೆಳಗೆ ಗೆಳೆಯ ಬರೆದಿದ್ದ: ‘ಈ ತಿಂಗಳ ಆರ್ ಜೋಡಿ ಹೊಳ್ಳಿ ಬಂದಾವ ದೋಸ್ತ. ಅಪ್ಪ ಮಾತಾಡವಲ್ಲ.’

ಫೋನ್ ಮಾಡಿದೆ. ಫೋಟೋ ಚೆನ್ನಾಗಿ ಬರಲಿ ಅಂತ ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ, 50 ಎಂಎಂ ಲೆನ್ಸ್, ಮೇಲೆ ಕೂರಿಸುವ ಫ್ಲ್ಯಾಷ್ ಮೂರನ್ನೂ ಕೊಂಡಿದ್ದನಂತೆ. ಫ್ಲ್ಯಾಷ್ ಆಟೊಮ್ಯಾಟಿಕ್. ದೂರದಿಂದ ತೆಗೆದರೆ ಸರಿ, ಹತ್ತಿರ ಹೋದರೆ ಎಲ್ಲಾ ಬೆಳ್ಳಗೆ. ಅಂಗಡಿಯವನು ನೋಡಿ ‘ಫ್ಲ್ಯಾಷ್ ಕೆಟ್ಟೈತಿ, ಬ್ಯಾರೇದ ತಗೋ’ ಅಂದನಂತೆ. ಆರು ಜೋಡಿಯ ಹಣ ವಾಪಸ್ ಹಾಕಿದ ಮೇಲೆ ಬೇರೆಯದಕ್ಕೆ ರೊಕ್ಕ ಎಲ್ಲಿಂದ ಬರಬೇಕು?

ಭಾನುವಾರ ಚಿಕ್ಕೋಡಿಯಿಂದ ಬಸ್ ಹತ್ತಿದೆ. ಕೃಷ್ಣಾ ದಾಟಿ ಅಥಣಿ ಮುಟ್ಟುವ ಹೊತ್ತಿಗೆ ನನ್ನ ತಲೆಯಲ್ಲೂ ಒಂದು ತೀರ್ಮಾನ ಗಟ್ಟಿಯಾಗಿತ್ತು: ಫ್ಲ್ಯಾಷ್ ಹೋಗಿದೆ. ಅದು ತಪ್ಪು ಅಂತ ಗೊತ್ತಾಗೋಕೆ ಒಂದು ತಾಸು ಹಿಡಿಯಿತು.

ಮನೆ ಬಾಗಿಲಲ್ಲೇ ಕಾಕಾ, ಅಂದರೆ ಗೆಳೆಯನ ಅಪ್ಪ, ಪಟ್ಟಿ ಹೆಣೆಯುತ್ತಾ ಕೂತಿದ್ದರು. ನನ್ನನ್ನು ನೋಡಿ ಕೆಲಸ ನಿಲ್ಲಿಸಲಿಲ್ಲ.

‘ಬಾ ತಮ್ಮಾ. ಇವಾ ಹೇಳ್ಯಾನಲ್ಲ? ನಾ ಹಳೇ ತೊಗಲ ಹಾಕಿ ಕಳಿಸೀನಿ ಅಂತ ತಿಳಕೊಂಡಾರ ಮಂದಿ. ಜಾಲಿ ತೊಗಟಿ, ಅಳಲಿಕಾಯಿ ಹಾಕಿ ಹದಾ ಮಾಡಿದ ತೊಗಲ ಇದು. ಇದರ ಬಣ್ಣನ ಹಿಂಗ. ಎಣ್ಣಿ ಕುಡದಂಗ ಇನ್ನೂ ಕಪ್ಪ ಆಕ್ಕೈತಿ. ಬೆಳ್ಳಗ ಎಲ್ಲಿಂದ ತರ್ಲಿ?’

ಈ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಅದರಲ್ಲಿವೆ. ಹೆಸರಿನಲ್ಲಿ ಕೊಲ್ಹಾಪುರ ಇದ್ದರೂ ಅಥಣಿ, ನಿಪ್ಪಾಣಿ ಕಡೆಯ ಕೈಗಳು ತಲೆಮಾರುಗಳಿಂದ ಇದನ್ನು ಹೊಲಿಯುತ್ತಾ ಬಂದಿವೆ. 2025ರ ಜೂನ್‌ನಲ್ಲಿ ಮಿಲಾನ್‌ನ ಪ್ರದರ್ಶನದಲ್ಲಿ ಪ್ರಾಡಾ ಕಂಪನಿ ಇಂಥದೇ ಚಪ್ಪಲಿ ತೋರಿಸಿದಾಗ ಮೊದಮೊದಲು ಮೂಲದ ಹೆಸರೇ ಇರಲಿಲ್ಲ. ಫೋಟೋ ನೋಡಿದವರೇ ‘ಇದು ನಮ್ದು’ ಅಂತ ಗುರುತು ಹಿಡಿದು ಗದ್ದಲ ಮಾಡಿದ ಮೇಲೆ, ಭಾರತದ ಕೈಕಸುಬಿನ ಚಪ್ಪಲಿಯೇ ಪ್ರೇರಣೆ ಅಂತ ಕಂಪನಿ ಒಪ್ಪಿಕೊಂಡಿತು. ಮಿಲಾನ್‌ನ ಫೋಟೋದಲ್ಲಿ ಗುರುತು ಸಿಕ್ಕ ಚಪ್ಪಲಿ ಅಥಣಿಯಲ್ಲೇ ತೆಗೆದ ಫೋಟೋದಲ್ಲಿ ಗುರುತು ಸಿಗುತ್ತಿರಲಿಲ್ಲ. ಕಾಕಾ ಮಾತು ಬಿಟ್ಟದ್ದರಲ್ಲಿ ನನಗೆ ಆಶ್ಚರ್ಯ ಕಾಣಲಿಲ್ಲ.

ಸರಿ, ಕೆಲಸಕ್ಕೆ ಕೂತೆವು.

ಮೊದಲ ಪರೀಕ್ಷೆ ದೂರದ್ದು. ಚಪ್ಪಲಿ ನೆಲದ ಮೇಲೆ, ನಾನು ಎರಡು ಮೀಟರ್ ಆಚೆ. ಫೋಟೋ ಸರಿ ಬಂತು. ಒಂದು ಮೀಟರ್‌ಗೆ ಬಂದೆ, ಸ್ವಲ್ಪ ತಿಳಿಯಾಯಿತು. ಸುಮಾರು 40 ಸೆಂಟಿಮೀಟರ್‌ಗೆ ಬಂದಾಗ ಮಜ್ಜಿಗೆ. ಫ್ಲ್ಯಾಷ್ ನಿಜಕ್ಕೂ ಕೆಟ್ಟಿದ್ದರೆ ಎಲ್ಲಾ ದೂರಕ್ಕೂ ಕೆಡಬೇಕಿತ್ತಲ್ಲ? ಇಲ್ಲಿಗೇ ನನಗೆ ಅನುಮಾನ ಬರಬೇಕಿತ್ತು, ಬರಲಿಲ್ಲ.

ಎರಡನೆಯದಾಗಿ ಫ್ಲ್ಯಾಷ್ ಕಾಂಪನ್ಸೇಶನ್ ಇಳಿಸಿದೆ. ಇದು ಆಟೊಮ್ಯಾಟಿಕ್ ಫ್ಲ್ಯಾಷ್‌ಗೆ ‘ನೀನು ಲೆಕ್ಕ ಹಾಕಿದ್ದಕ್ಕಿಂತ ಇಷ್ಟು ಕಡಿಮೆ ಬೆಳಕು ಕೊಡು’ ಅಂತ ಹೇಳುವ ಬಟನ್. ಕ್ಯಾಮೆರಾದ ಸಾಮಾನ್ಯ ಎಕ್ಸ್‌ಪೋಷರ್ ಕಾಂಪನ್ಸೇಶನ್ ಬೇರೆ, ಇದು ಬೇರೆ. ಬಹಳ ಜನ ಅದನ್ನು ಒತ್ತಿ ಇದಾಯಿತು ಅಂದುಕೊಳ್ಳುತ್ತಾರೆ. ಮೈನಸ್ 1 ಇಟ್ಟೆ, ಬೆಳ್ಳಗೆ. ಮೈನಸ್ 2, ಬೆಳ್ಳಗೆ. ಮೈನಸ್ 3, ಅಷ್ಟೇ ಬೆಳ್ಳಗೆ.

‘ಹೋಗೇತಿ ನೋಡಲೇ ಇದು’ ಅಂದೆ ನಾನೂ, ಅಂಗಡಿಯವನ ಹಾಗೆ. ಗೆಳೆಯನ ಮುಖ ಇಳಿಯಿತು. ಕಾಕು ಚಹಾ ತಂದಿಟ್ಟರು.

ಚಹಾ ಕುಡಿಯುತ್ತಾ ಒಂದು ವಿಷಯ ಹೊಳೆಯಿತು. ಕಾಂಪನ್ಸೇಶನ್ ಇಳಿಸಿದರೂ ಫೋಟೋ ಬದಲಾಗದಿದ್ದರೆ ಅದಕ್ಕೆ ಎರಡೇ ದೊಡ್ಡ ಕಾರಣ. ಒಂದೋ ಕ್ಯಾಮೆರಾ ಹೇಳಿದ್ದು ಫ್ಲ್ಯಾಷ್‌ಗೆ ಕೇಳಿಸುತ್ತಿಲ್ಲ. ಇಲ್ಲವೋ ಕೇಳಿಸುತ್ತಿದೆ, ಆದರೆ ಅದಕ್ಕಿಂತ ಕೆಳಗೆ ಇಳಿಯೋಕೆ ಫ್ಲ್ಯಾಷ್‌ಗೆ ಸಾಧ್ಯವಿಲ್ಲ. ಎರಡನ್ನೂ ಬೇರೆ ಮಾಡೋಕೆ ಸುಲಭ ದಾರಿ ಇದೆ. ಆಟೊಮ್ಯಾಟಿಕ್ ಬಿಟ್ಟು ಫ್ಲ್ಯಾಷನ್ನು ಮ್ಯಾನ್ಯುಯಲ್‌ಗೆ ಹಾಕಿ, ಅದರ ಅತಿ ಕಡಿಮೆ ಶಕ್ತಿಯಲ್ಲಿ ಅದೇ ಫೋಟೋ ತೆಗೆಯಬೇಕು. ಈಗ ಫೋಟೋ ಕಪ್ಪಾದರೆ ಫ್ಲ್ಯಾಷ್‌ಗೆ ಕ್ಯಾಮೆರಾದ ಮಾತು ಕೇಳಿಸುತ್ತಿರಲಿಲ್ಲ ಅಂತ ಅರ್ಥ. ಅಷ್ಟೇ ಬೆಳ್ಳಗಿದ್ದರೆ ಅದು ಮೊದಲೇ ತಳ ಮುಟ್ಟಿದೆ.

ಇದರ ತಳ 1/128. ಅಲ್ಲಿಟ್ಟು ತೆಗೆದೆ. ಅಷ್ಟೇ ಬೆಳ್ಳಗೆ. ಫ್ಲ್ಯಾಷ್ ಕೆಟ್ಟಿರಲಿಲ್ಲ! ಪಾಪ, ಇಳಿಯುವಷ್ಟು ಇಳಿದಿತ್ತು.

ಇದ್ಯಾಕೆ ಹೀಗೆ ಅಂತ ಗೆಳೆಯ ಕೇಳಿದ. ಅವನ ಮಾವನ ಹೊಲದ ಮೋಟರ್‌ನ ಉದಾಹರಣೆ ಕೊಟ್ಟೆ. ಕಬ್ಬಿಗೆ ನೀರು ಬಿಡುವ ಐದು ಎಚ್‌ಪಿ ಮೋಟರ್‌ನ ಪೈಪಿನ ಬಾಯಿಗೆ ಚಹಾದ ಲೋಟ ಹಿಡಿ. ಸ್ವಿಚ್ ಹಾಕಿ ಎಷ್ಟೇ ಬೇಗ ತೆಗೆದರೂ ಲೋಟ ತುಂಬಿ ಚೆಲ್ಲಿಯೇ ಚೆಲ್ಲುತ್ತದೆ. ಫ್ಲ್ಯಾಷ್ ಕೂಡ ಹೀಗೇ. ಬೆಳಕಿನ ತೀವ್ರತೆಯನ್ನು ಅದು ಹೆಚ್ಚೇನೂ ಬದಲಿಸುವುದಿಲ್ಲ, ಎಷ್ಟು ಹೊತ್ತು ಉರಿಯಬೇಕು ಅನ್ನುವುದನ್ನು ಮಾತ್ರ ಬದಲಿಸುತ್ತದೆ. ಪೂರ್ತಿ ಶಕ್ತಿಯಲ್ಲಿ ಸುಮಾರು 1/1000 ಸೆಕೆಂಡ್, ತಳದಲ್ಲಿ 1/20,000 ಸೆಕೆಂಡಿಗೂ ಕಡಿಮೆ. ಇಂದಿನ ಟಿಟಿಎಲ್ ಫ್ಲ್ಯಾಷ್‌ಗಳು ಶಟರ್ ತೆರೆಯುವ ಮೊದಲೇ ಸಣ್ಣದೊಂದು ಮಿಂಚು ಬಿಡುತ್ತವೆ. ಲೆನ್ಸ್ ಮೂಲಕ ಮರಳಿ ಬಂದ ಬೆಳಕನ್ನು ಕ್ಯಾಮೆರಾ ಅಳೆದು ‘ಇಷ್ಟು ಹೊತ್ತು ಉರಿ’ ಅನ್ನುತ್ತದೆ. ಲೆನ್ಸ್ ಮೂಲಕ ಫ್ಲ್ಯಾಷ್ ಅಳೆಯುವ ಈ ಪದ್ಧತಿಯನ್ನು ಮೊದಲು ತಂದದ್ದು 1975ರ ಒಲಿಂಪಸ್ ಓಎಂ-2. ಆಗ ಮುಂಚಿನ ಮಿಂಚು ಇರಲಿಲ್ಲ, ಫಿಲ್ಮ್‌ನ ಮೇಲೆ ಬಿದ್ದ ಬೆಳಕನ್ನೇ ಆ ಕ್ಷಣಕ್ಕೆ ಅಳೆದು ಫ್ಲ್ಯಾಷ್ ಆರಿಸುತ್ತಿದ್ದರು. ಪದ್ಧತಿ ಯಾವುದೇ ಇರಲಿ, ತಳಕ್ಕಿಂತ ಕೆಳಗೆ ಯಾರೂ ಇಳಿಸಲಾರರು.

ಅದರ ಮೇಲೆ ದೂರದ ಲೆಕ್ಕ. ಎರಡು ಮೀಟರ್‌ನಿಂದ ಒಂದು ಮೀಟರ್‌ಗೆ ಬಂದರೆ ಬೆಳಕು ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. 40 ಸೆಂಟಿಮೀಟರ್‌ಗೆ ಬಂದರೆ 25 ಪಟ್ಟು.

ಆಮೇಲೆ ಕ್ಯಾಮೆರಾದ ಸೆಟ್ಟಿಂಗ್ ನೋಡಿದೆ. ಅಪರ್ಚರ್ ಎಫ್2. ಯಾಕಂದರೆ ಹಿಂದಿನದು ಮಸುಕಾದರೆ ‘ಪ್ರೊಫೆಶನಲ್’ ಕಾಣುತ್ತೆ ಅಂತ ಯಾವುದೋ ರೀಲ್ಸ್ ನೋಡಿದ್ದ. ಐಎಸ್‌ಒ ಆಟೊದಲ್ಲಿತ್ತು, ಕ್ಯಾಮೆರಾ ತಾನೇ 400 ಮಾಡಿಕೊಂಡಿತ್ತು.

ಕಾಗದ ತಗೊಂಡು ಲೆಕ್ಕ ಹಾಕಿದೆವು. ಫ್ಲ್ಯಾಷ್‌ನ ಗೈಡ್ ನಂಬರ್ 36, ಐಎಸ್‌ಒ 100ಕ್ಕೆ, ಮೀಟರ್‌ನಲ್ಲಿ. ಗೈಡ್ ನಂಬರನ್ನು ದೂರದಿಂದ ಭಾಗಿಸಿದರೆ ಬೇಕಾದ ಅಪರ್ಚರ್ ಸಿಗುತ್ತದೆ. 1/128 ಶಕ್ತಿಯಲ್ಲಿ ಗೈಡ್ ನಂಬರ್ ಸುಮಾರು 3.2ಕ್ಕೆ ಇಳಿಯುತ್ತದೆ (128ರ ವರ್ಗಮೂಲದಿಂದ 36ನ್ನು ಭಾಗಿಸಿ ನೋಡಿ). 3.2ನ್ನು 0.4 ಮೀಟರ್‌ನಿಂದ ಭಾಗಿಸಿದರೆ 8. ಅಂದರೆ ಫ್ಲ್ಯಾಷ್ ಎಷ್ಟೇ ಕೈ ಬಿಗಿ ಹಿಡಿದರೂ ಅಷ್ಟು ಹತ್ತಿರದಲ್ಲಿ ಎಫ್8, ಐಎಸ್‌ಒ 100 ಬೇಕೇ ಬೇಕು. ಇವನದ್ದು ಎಫ್2. ಅಲ್ಲೇ ನಾಲ್ಕು ಸ್ಟಾಪ್ ಹೆಚ್ಚು. ಐಎಸ್‌ಒ 400ರಿಂದ ಇನ್ನೆರಡು. ಒಟ್ಟು ಆರು ಸ್ಟಾಪ್, ಅಂದರೆ ಬೇಕಾದ್ದಕ್ಕಿಂತ 64 ಪಟ್ಟು ಬೆಳಕು!

‘ಅರವತ್ನಾಲ್ಕ ಪಟ್ಟ?’ ಅಂದರು ಕಾಕಾ ಹೊರಗಿನಿಂದ. ಕೇಳುತ್ತಲೇ ಇದ್ದರು ಅನ್ನಿ.

ಶಟರ್ ವೇಗ ಏರಿಸಿಯೂ ನೋಡಿದ್ದನಂತೆ ಪಾಪ. 1/60ರಿಂದ 1/200ಕ್ಕೆ. ಅದರಿಂದ ಏನೂ ಆಗುವುದಿಲ್ಲ. ಶಟರ್ ತೆರೆದಿರುವಾಗಲೇ ಫ್ಲ್ಯಾಷ್ ಹೊತ್ತಿ ಆರಿ ಮುಗಿದಿರುತ್ತದೆ. ಶಟರ್‌ನಿಂದ ಕೋಣೆಯ ಬೆಳಕು ಕಡಿಮೆ ಆಗುತ್ತದೆ, ಫ್ಲ್ಯಾಷ್‌ನದ್ದಲ್ಲ.

ಐಎಸ್‌ಒ 100, ಎಫ್11, 1/125 ಇಟ್ಟೆವು. ಎಫ್8 ಬದಲು ಎಫ್11 ಯಾಕೆಂದರೆ ಫ್ಲ್ಯಾಷ್‌ಗೆ ಕೆಳಗೆ ಒಂದು ಮೆಟ್ಟಿಲು ಉಳಿಯಬೇಕು, ಇಲ್ಲದಿದ್ದರೆ ಆಟೊಮ್ಯಾಟಿಕ್ ಅನ್ನುವ ಮಾತಿಗೇ ಅರ್ಥವಿಲ್ಲ. ಜೊತೆಗೆ ತುದಿಯಿಂದ ಹಿಮ್ಮಡಿಯವರೆಗೆ ಹೊಲಿಗೆಯೂ ಸ್ಪಷ್ಟ ಬರುತ್ತದೆ. ಹೊಲಿಗೆ ನೋಡಿಯೇ ಅಲ್ಲವೇ ಜನ ಕೊಳ್ಳೋದು? ಚಪ್ಪಲಿಯ ಅರ್ಧ ಮಸುಕು ಮಾಡಿ ಮಾರೋದು ಎಂಥ ಪ್ರೊಫೆಶನಲ್ ಅಂತ ನನಗಂತೂ ತಿಳಿದಿಲ್ಲ.

ಫೋಟೋ ಬಂತು. ಮಜ್ಜಿಗೆ ಹೋಗಿತ್ತು, ಆದರೆ ಬೆಲ್ಲ ಇನ್ನೂ ಬಂದಿರಲಿಲ್ಲ. ಸುಮಾರು ಒಂದು ಸ್ಟಾಪ್ ತಿಳಿಯಾಗಿಯೇ ಇತ್ತು.

ಈ ಸಲ ತಪ್ಪು ನೆಲದ್ದು. ಚಪ್ಪಲಿಗೆ ಗತ್ತು ಬರಲಿ ಅಂತ ಗೆಳೆಯ ಕೆಳಗೆ ಕರಿ ಮಖಮಲ್ ಬಟ್ಟೆ ಹಾಸಿದ್ದ. ಚೌಕಟ್ಟಿನ ಮುಕ್ಕಾಲು ಪಾಲು ಕಪ್ಪು. ಕ್ಯಾಮೆರಾದ ಮೀಟರ್‌ಗೆ ಚಪ್ಪಲಿ ಯಾವುದು, ಬಟ್ಟೆ ಯಾವುದು ಅಂತ ಗೊತ್ತಿಲ್ಲ. ಎಲ್ಲವನ್ನೂ ಸೇರಿಸಿ ನಡು ಬೂದಿ ಬಣ್ಣಕ್ಕೆ ತರೋಕೆ ನೋಡುತ್ತದೆ. ಮುಂಚಿನ ಮಿಂಚಿಗೆ ಕಪ್ಪಿನಿಂದ ಏನೂ ಮರಳಿ ಬರಲಿಲ್ಲ, ‘ಬೆಳಕು ಸಾಲದು’ ಅಂದುಕೊಂಡು ಹೆಚ್ಚು ಉರಿಸಿತು. ತೊಗಲು ತಾನೇ ಕಡುಬಣ್ಣದ್ದಾದ್ದರಿಂದ ಅದೂ ಈ ತಪ್ಪಿಗೆ ಕೈ ಜೋಡಿಸಿತು.

ಇದಕ್ಕೆ ಮೂರು ದಾರಿ ಇವೆ. ಕಾಂಪನ್ಸೇಶನ್ ಇಳಿಸಬಹುದು, ಈಗ ಫ್ಲ್ಯಾಷ್‌ಗೆ ಕೆಳಗೆ ಜಾಗ ಇದೆಯಾದ್ದರಿಂದ ಅದು ಕೆಲಸ ಮಾಡುತ್ತದೆ. ಅಥವಾ ಚೌಕಟ್ಟಿನ ನಡುವಿನ ಭಾಗದಿಂದಲೇ ಫ್ಲ್ಯಾಷ್ ಅಳತೆ ಹಿಡಿದಿಡುವ ಲಾಕ್ ಬಳಸಬಹುದು. ಕೆನಾನ್‌ನಲ್ಲಿ ಎಫ್‌ಇ ಲಾಕ್, ನಿಕಾನ್‌ನಲ್ಲಿ ಎಫ್‌ವಿ ಲಾಕ್. ನಾವು ಮಾಡಿದ್ದು ಮೂರನೆಯದು. ಮಖಮಲ್ ಎತ್ತಿ ಒಳಗಿಟ್ಟು, ಚಪ್ಪಲಿಯನ್ನು ಬರೀ ಫರ್ಸಿಯ ಮೇಲೆ ಇಟ್ಟೆವು. ಶಹಾಬಾದ್ ಫರ್ಸಿ. ಫೋಟೋಗ್ರಫಿ ಅಂಗಡಿಯಲ್ಲಿ ಬೂದಿ ಬಣ್ಣದ ಕಾರ್ಡ್ ಅಂತ ರೊಕ್ಕ ಕೊಟ್ಟು ತರುತ್ತಾರಲ್ಲ, ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಅದು ನೆಲಕ್ಕೇ ಹಾಸಿದೆ. ಅಳತೆಗೆ ತಂತಾನೇ ನಡುಬಣ್ಣ ಸಿಕ್ಕಿತು. ಚಪ್ಪಲಿಗೂ ಅದೇ ಚೆಂದ ಒಪ್ಪಿತು.

ಈಗ ಬಣ್ಣ ಹತ್ತಿರ ಬಂತು. ಆದರೆ ಅಡ್ಡ ಪಟ್ಟಿಯ ಮೇಲೆ ಬೆರಳಗಲದ ಒಂದು ಬಿಳಿ ಗೆರೆ. ಶಕ್ತಿ ಎಷ್ಟು ಇಳಿಸಿದರೂ ಉಳಿದದ್ದೆಲ್ಲ ಕಪ್ಪಾಗುತ್ತಿತ್ತೇ ಹೊರತು ಆ ಗೆರೆ ಹೋಗಲಿಲ್ಲ.

ಫ್ಲ್ಯಾಷ್ ಫೋಟೋದ ಬಿಳುಪಿನಲ್ಲಿ ಎರಡು ಜಾತಿ ಇವೆ. ಪೂರ್ತಿ ಚೌಕಟ್ಟು ಬೆಳ್ಳಗಾದರೆ ಬೆಳಕು ಹೆಚ್ಚಾಗಿದೆ, ಇಳಿಸಬೇಕು. ಒಂದೇ ಜಾಗ ಬೆಳ್ಳಗಾಗಿ ಉಳಿದದ್ದು ಸರಿ ಇದ್ದರೆ ಬೆಳಕಿನ ಕೋನ ತಪ್ಪಿದೆ, ಅಲ್ಲಿ ಇಳಿಸಿ ಉಪಯೋಗವಿಲ್ಲ. ನಯವಾದ ತೊಗಲು ಕನ್ನಡಿಯ ಹಾಗೆ ಫ್ಲ್ಯಾಷನ್ನೇ ತೋರಿಸುತ್ತಿರುತ್ತದೆ. ಕನ್ನಡಿಯಲ್ಲಿ ಕಂಡ ಬಲ್ಬಿನ ವೋಲ್ಟೇಜ್ ಇಳಿಸಿದರೆ ಬಲ್ಬು ಮಾಯ ಆಗುತ್ತದೆಯೇ? ಬಲ್ಬನ್ನೇ ಪಕ್ಕಕ್ಕೆ ಸರಿಸಬೇಕು, ಇಲ್ಲವೇ ಅದನ್ನು ದೊಡ್ಡದೂ ಮೆತ್ತಗೂ ಮಾಡಬೇಕು. ಫ್ಲ್ಯಾಷ್ ಸುಟ್ಟಿದೆ ಅಂತ ನನಗೆ ಬರುವ ಹತ್ತು ಫೋಟೋಗಳಲ್ಲಿ ಅರ್ಧದಷ್ಟು ಈ ಎರಡನೇ ಜಾತಿಯವೇ ಇರುತ್ತವೆ.

ಫ್ಲ್ಯಾಷ್ ತಲೆಯನ್ನು ಗೋಡೆಗೆ ತಿರುಗಿಸಿ ಅಲ್ಲಿಂದ ಬೆಳಕು ಬೀಳಿಸಿದೆ. ಪುಸ್ತಕದ ಪ್ರಕಾರ ಬರೋಬ್ಬರಿ ಉಪಾಯ. ಆದರೆ ಗೋಡೆ ಹಸಿರು! ನಮ್ಮ ಕಡೆ ಮನೆ ಅಂದಮೇಲೆ ಒಂದು ಗೋಡೆ ಹಸಿರು, ಒಂದು ನೀಲಿ ಇರಲೇಬೇಕು. ಚಪ್ಪಲಿಗೆ ಪಾಚಿ ಹಿಡಿದಂತೆ ಕಂಡಿತು. ಕಾಕಾ ಒಳಗೆ ಬಂದು ಸ್ಕ್ರೀನ್ ನೋಡಿ ಅವತ್ತು ಮೊದಲ ಸಲ ನಕ್ಕರು.

‘ಇದನ್ನೂ ಬೆಂಗಳೂರಿಗಿ ಕಳಸ್ರಿ, ಮಳಿಗಾಲದ ಮಾಲ ಅಂತ.’

ಕಾಕು ಟ್ರಂಕಿನಿಂದ ಒಗೆದ ಬಿಳಿ ಧೋತರ ತೆಗೆದುಕೊಟ್ಟರು. ಎರಡು ಕುರ್ಚಿಗಳ ನಡುವೆ ಅದನ್ನು ಕಟ್ಟಿ, ಹಸಿರು ಗೋಡೆಯನ್ನು ಮುಚ್ಚಿ ಅದಕ್ಕೇ ಫ್ಲ್ಯಾಷ್ ಹೊಡೆದೆವು. ಬಟ್ಟೆಗೆ ಬಡಿದು ಬಂದ ಬೆಳಕಿನಲ್ಲಿ ಬಿಳಿ ಗೆರೆ ಕರಗಿ ಪಟ್ಟಿಯ ಉಬ್ಬಿಗೆ ತೆಳು ಹೊಳಪಾಗಿ ಉಳಿಯಿತು. ಒಂದು ಮಾತು: ಹೀಗೆ ಬೆಳಕು ಸುತ್ತಿ ಬರುವಾಗ ದೂರ ಹೆಚ್ಚುತ್ತದೆ, ಅರ್ಧ ಬೆಳಕು ಬಟ್ಟೆಯಲ್ಲೇ ಉಳಿಯುತ್ತದೆ. ಹಾಗಾಗಿ ತಳ ಮುಟ್ಟುವ ಮೊದಲಿನ ತಕರಾರೂ ಇದರಿಂದ ತಾನೇ ಸಡಿಲವಾಗುತ್ತದೆ.

ಇಷ್ಟೆಲ್ಲ ಆದಮೇಲೂ ನನಗೆ ಒಂದು ಅರ್ಥ ಆಗಿರಲಿಲ್ಲ. ಹೆಚ್ಚು ಬೆಳಕು ಬಿದ್ದರೆ ಬಣ್ಣ ತಿಳಿಯಾಗಬೇಕು, ಸರಿ. ಹಳದಿ ಯಾಕಾಯಿತು? ಗಿರಾಕಿಗಳೆಲ್ಲ ‘ಹಳದಿ ಚಪ್ಪಲಿ’ ಅಂತಲೇ ಆರ್ಡರ್ ಮಾಡಿದ್ದರು. ಹಳೇ ಫೋಟೋಗಳ ಹಿಸ್ಟೋಗ್ರಾಮ್ ತೆಗೆದು ನೋಡಿದಾಗ ಗೊತ್ತಾಯಿತು. ಬೆಲ್ಲದ ಬಣ್ಣದಲ್ಲಿ ಕೆಂಪಿನ ಪಾಲೇ ಎಲ್ಲಕ್ಕಿಂತ ಹೆಚ್ಚು. ಬೆಳಕು ಏರಿದಂತೆ ಕೆಂಪು ಮೊದಲು 255 ಮುಟ್ಟಿ ನಿಂತುಬಿಡುತ್ತದೆ. ಹಸಿರು ಏರುತ್ತಲೇ ಇರುತ್ತದೆ. ನಿಂತ ಕೆಂಪು, ಏರುವ ಹಸಿರು, ಎರಡೂ ಸೇರಿದರೆ ಹಳದಿ. ಅದಕ್ಕೇ ಬೂದಿ ಬಣ್ಣದ ಒಟ್ಟು ಹಿಸ್ಟೋಗ್ರಾಮ್ ನೋಡಿ ಸುಮ್ಮನಾಗಬೇಡಿ, ಕ್ಯಾಮೆರಾದಲ್ಲಿ ಕೆಂಪು, ಹಸಿರು, ನೀಲಿ ಬೇರೆ ಬೇರೆ ತೋರಿಸುವ ಆಯ್ಕೆ ಇದ್ದರೆ ಅದನ್ನು ನೋಡಿ. ತೊಗಲು, ಬಂಗಾರ, ಅರಿಸಿಣ, ಕೆಂಪು ರೇಷ್ಮೆ ಇವಕ್ಕೆಲ್ಲ ಕೆಂಪಿನ ಗೆರೆ ಬಲಗಡೆ ಗೋಡೆಗೆ ತಾಗಿದೆಯೋ ಇಲ್ಲವೋ ಅನ್ನೋದೇ ಮುಖ್ಯ. ಒಮ್ಮೆ ತಾಗಿದ ಮೇಲೆ ಯಾವ ಆ್ಯಪ್‌ನಲ್ಲಿ ಬ್ರೈಟ್‌ನೆಸ್ ಇಳಿಸಿದರೂ ಬೆಲ್ಲ ವಾಪಸ್ ಬರುವುದಿಲ್ಲ, ಕೊಳೆತ ಬಾಳೆಹಣ್ಣಿನ ಬಣ್ಣ ಬರುತ್ತದೆ. ಗೆಳೆಯ ಅದನ್ನೂ ಮಾಡಿ ನೋಡಿದ್ದ.

ಅದೇ ವಾರ ಬಂದ ಇನ್ನು ಕೆಲವು ತಕರಾರುಗಳನ್ನೂ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮೇಲ್ನೋಟಕ್ಕೆ ಎಲ್ಲಾ ಒಂದೇ, ಒಳಗೆ ಬೇರೆ.

ನಿಪ್ಪಾಣಿಯ ಓದುಗರೊಬ್ಬರು ತಂಗಿಯ ನಿಶ್ಚಿತಾರ್ಥದಲ್ಲಿ ಉಂಗುರ ತೊಡಿಸುವ ಕ್ಷಣ ತೆಗೆದಿದ್ದಾರೆ. ಉಂಗುರವೂ ಇಲ್ಲ, ಬೆರಳೂ ಇಲ್ಲ, ಬೆಳಕಷ್ಟೇ ಇದೆ. ಮ್ಯಾನ್ಯುಯಲ್ ಪರೀಕ್ಷೆ ಮಾಡಿ ಅಂದೆ. ಅವರಿಗೆ 1/128ರಲ್ಲಿ ಫೋಟೋ ಕಪ್ಪಾಯಿತು. ಹಾಗಾದರೆ ಇಲ್ಲಿ ಫ್ಲ್ಯಾಷ್‌ಗೆ ಮಾತು ಕೇಳಿಸುತ್ತಿಲ್ಲ. ವಿಚಾರಿಸಿದರೆ, ಫ್ಲ್ಯಾಷನ್ನು ಕ್ಯಾಮೆರಾದಿಂದ ದೂರ ಹಿಡಿಯೋಕೆ ಅಗ್ಗದ ಟ್ರಿಗರ್ ಹಾಕಿದ್ದರು. ಅದರ ಕೆಳಗೆ ನಡುವೆ ಒಂದೇ ಲೋಹದ ಬಿಂದು. ಆ ಬಿಂದು ‘ಹೊಡಿ’ ಅಂತ ಮಾತ್ರ ಹೇಳುತ್ತದೆ, ‘ಎಷ್ಟು’ ಅಂತ ಹೇಳೋಕೆ ಸುತ್ತಲಿನ ಸಣ್ಣ ಬಿಂದುಗಳು ಬೇಕು. ಟ್ರಿಗರ್ ಇಲ್ಲದವರಿಗೂ ಇದು ಆಗಬಹುದು. ಫ್ಲ್ಯಾಷ್ ಶೂದಲ್ಲಿ ಪೂರ್ತಿ ಮುಂದೆ ಹೋಗಿ ಕೂತಿರದಿದ್ದರೆ, ಇಲ್ಲವೇ ಬಿಂದುಗಳ ಮೇಲೆ ಬೆವರಿನ ಕಿಲುಬು ಇದ್ದರೆ ಸಾಕು. ಎರಡನ್ನೂ ಆಫ್ ಮಾಡಿ, ಫ್ಲ್ಯಾಷ್‌ನ ಕೆಳಗಿನ ಬಿಂದುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ತಿಕ್ಕಿ, ಪುಡಿ ಒರೆಸಿ, ಶೂವನ್ನು ಒಣ ಬಟ್ಟೆಯಿಂದ ಒರೆಸಿ, ಗಟ್ಟಿಯಾಗಿ ಕೂರಿಸಿ ಲಾಕ್ ಮಾಡಿ. ಉಂಗುರದ ಕ್ಷಣ ಅವರಿಗೆ ವಾಪಸ್ ಸಿಗಲಿಲ್ಲ. ಮದುವೆಗೆ ಮುಂಚೆ ಗೊತ್ತಾಯಿತು ಅನ್ನೋದೇ ಸಮಾಧಾನ ಅಂತ ಬರೆದಿದ್ದಾರೆ.

ಕಾಗವಾಡದವರದ್ದು ಅಜ್ಜನ ಬೆಳ್ಳಿ ರೂಪಾಯಿಗಳು, ಜೊತೆಗೆ ಅಪ್ಪನ ಕಾಲದ ಫ್ಲ್ಯಾಷ್. ಆ ಕಾಲದ ‘ಆಟೊ’ ಬೇರೆ. ಅಳೆಯುವ ಕಣ್ಣು ಲೆನ್ಸ್‌ನ ಹಿಂದೆ ಇರಲಿಲ್ಲ, ಫ್ಲ್ಯಾಷ್‌ನ ಮೈಮೇಲೇ ಇರುತ್ತಿತ್ತು. ದೂರದಲ್ಲಿ ಎರಡೂ ಒಂದನ್ನೇ ನೋಡುತ್ತವೆ. ಹತ್ತಿರದಲ್ಲಿ ಲೆನ್ಸ್ ನಾಣ್ಯ ನೋಡಿದರೆ ಕಣ್ಣು ನಾಣ್ಯದಾಚೆಯ ಕತ್ತಲೆ ನೋಡುತ್ತಿರುತ್ತದೆ. ಇಂಥ ಫ್ಲ್ಯಾಷ್‌ಗಳ ಬೆನ್ನ ಮೇಲಿನ ಪಟ್ಟಿಯಲ್ಲಿ ಆಟೊ ಎಷ್ಟು ಹತ್ತಿರದವರೆಗೆ ನಡೆಯುತ್ತದೆ ಅಂತ ಬರೆದಿರುತ್ತದೆ. ಅದಕ್ಕಿಂತ ಹತ್ತಿರ ಆಟೊ ನಂಬಬೇಡಿ. ಅದಕ್ಕಿಂತ ಮುಖ್ಯವಾದದ್ದು: ಹಳೇ ಫ್ಲ್ಯಾಷ್‌ಗಳಲ್ಲಿ ಕೆಲವು ಕ್ಯಾಮೆರಾದ ಬಿಂದುವಿಗೆ 200 ವೋಲ್ಟ್ ದಾಟಿ ಕೊಡುತ್ತವೆ. ಡಿಜಿಟಲ್ ಕ್ಯಾಮೆರಾದ ಸರ್ಕ್ಯೂಟ್ ಸುಡಬಹುದು. ಅಳೆಸದೆ ಕೂರಿಸಬೇಡಿ. ಬೆಳ್ಳಿ ನಾಣ್ಯದ ಹೊಳಪಿನದ್ದೇ ಒಂದು ದೊಡ್ಡ ಕಥೆ, ಅದು ಮುಂದಿನ ಸಲ.

ರಾಯಬಾಗದ ಓದುಗರ ಬಳಿ ಕ್ಯಾಮೆರಾನೇ ಇಲ್ಲ, ಫೋನ್ ಮಾತ್ರ. ನಿಮ್ಮಲ್ಲಿ ಬಹಳ ಜನರ ಕಥೆಯೂ ಇದೇ. ಪುಣೆಯಲ್ಲಿ ಕೆಲಸ, ಊರಲ್ಲಿ ಅಪ್ಪನ ಕಬ್ಬು. ಎಲೆಯ ಕೆಳಗೆ ಏನೋ ಬೆಳ್ಳಗೆ ಕಾಣುತ್ತಿದೆ ಅಂತ ಅಪ್ಪ ಸಂಜೆ ಹೊತ್ತಿಗೆ ಫೋಟೋ ತೆಗೆದು ಕಳಿಸಿದ್ದಾರೆ. ಫ್ಲ್ಯಾಷ್ ಆಟೊದಲ್ಲಿದೆ, ಎಲೆಯೇ ಬೆಳ್ಳಗಾಗಿದೆ. ಬಿಳಿ ಉಣ್ಣೆ ಹೇನೋ, ಬರೀ ಬೆಳಕೋ? 2002ರ ಸುಮಾರಿಗೆ ಈ ಹೇನು ಮಹಾರಾಷ್ಟ್ರದಲ್ಲೂ ನಮ್ಮ ಉತ್ತರ ಕರ್ನಾಟಕದಲ್ಲೂ ಕಬ್ಬನ್ನು ಹೇಗೆ ಕಾಡಿತ್ತು ಅಂತ ಹಿರಿಯರಿಗೆ ನೆನಪಿದೆ. ಆ ಫೋಟೋ ನೋಡಿ ಕೃಷಿ ತಜ್ಞರೂ ಏನು ಹೇಳಿಯಾರು? ಔಷಧಿ ಹೊಡೆಯಬೇಕೋ ಬೇಡವೋ ಅನ್ನೋದು ಆ ಒಂದು ಚಿತ್ರದ ಮೇಲೆ ನಿಂತಿತ್ತು.

ಫೋನಿನ ಫ್ಲ್ಯಾಷ್ ಹೆಸರಿಗೆ ಫ್ಲ್ಯಾಷ್. ಅದು ಲೆನ್ಸ್‌ಗೆ ಅಂಟಿಕೊಂಡಿರುವ ಎಲ್‌ಇಡಿ ದೀಪ, ಅದನ್ನು ತಿರುಗಿಸಲಾಗದು, ಸರಿಸಲಾಗದು. ಹತ್ತಿರದ ಹೊಳೆಯುವ ವಸ್ತುವಿಗೆ ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ನನ್ನ ಸಲಹೆ ನೇರ: ಹತ್ತಿರದ ಫೋಟೋಗೆ ಫೋನ್ ಫ್ಲ್ಯಾಷ್ ಆಫ್ ಮಾಡಿ. ಆಟೊದಲ್ಲೂ ಬಿಡಬೇಡಿ. ಇನ್ನೊಂದು ಫೋನಿನ ಟಾರ್ಚ್ ಪಕ್ಕದಿಂದ, ಓರೆಯಾಗಿ, ಎರಡು ಗೇಣು ದೂರ ಹಿಡಿಸಿ. ಅದರ ಮುಂದೆ ಬಿಳಿ ಕರ್ಚೀಫೋ ಬಟರ್ ಪೇಪರೋ ಇರಲಿ. ನೀವು ಒಂದು ಹೆಜ್ಜೆ ಹಿಂದೆ ಸರಿದು 2ಎಕ್ಸ್ ಝೂಮ್ ಮಾಡಿ, ನಿಮ್ಮದೇ ನೆರಳು ಬೀಳುವುದು ತಪ್ಪುತ್ತದೆ. ಸ್ಕ್ರೀನ್ ಮೇಲೆ ವಸ್ತುವನ್ನು ಒತ್ತಿ ಹಿಡಿದರೆ ಫೋಕಸ್ ಲಾಕ್ ಆಗುತ್ತದೆ, ಆಮೇಲೆ ಪಕ್ಕದ ಸೂರ್ಯನ ಗುರುತನ್ನು ಕೆಳಗೆ ಎಳೆದು ಬೆಳಕು ಇಳಿಸಿ. ರಾಯಬಾಗದ ಅಪ್ಪ ಮರುದಿನ ಬೆಳಿಗ್ಗೆ ಎಲೆಯನ್ನು ತಮ್ಮ ನೆರಳಿಗೆ ಹಿಡಿದು, ಫ್ಲ್ಯಾಷ್ ಇಲ್ಲದೆ ತೆಗೆದ ಫೋಟೋದಲ್ಲಿ ಹೇನು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿತ್ತು. ಹೇನೇ ಅದು, ಬೆಳಕಲ್ಲ. ಮುಂದಿನದನ್ನು ಅವರು ಕೃಷಿ ಕೇಂದ್ರದಲ್ಲಿ ಕೇಳಿ ಮಾಡುತ್ತಿದ್ದಾರೆ.

ಅಥಣಿಗೆ ಮರಳುತ್ತೇನೆ. ಧೋತರದ ಬೆಳಕಿನಲ್ಲಿ ಒಂದೇ ದಿನಕ್ಕೆ ಇಪ್ಪತ್ತೆರಡು ಜೋಡಿ ತೆಗೆದೆವು. ಪ್ರತಿ ಜೋಡಿಗೆ ಒಂದು ಫೋಟೋ ಫ್ಲ್ಯಾಷ್‌ನಲ್ಲಿ, ಒಂದು ಬಾಗಿಲ ನೆರಳಿನಲ್ಲಿ ಫ್ಲ್ಯಾಷ್ ಇಲ್ಲದೆ. ಎರಡರ ಬಣ್ಣ ತಾಳೆಯಾದರೆ ಮಾತ್ರ ಅಂಗಡಿಗೆ ಹಾಕೋದು ಅಂತ ಕಾಕಾ ನಿಯಮ ಮಾಡಿದರು. ಪ್ರತಿಯೊಂದಕ್ಕೂ ಚಪ್ಪಲಿಯನ್ನು ಸ್ಕ್ರೀನ್ ಪಕ್ಕ ಹಿಡಿದು ನೋಡುತ್ತಿದ್ದರು. ‘ಇದು ಅಲ್ಲ, ಇನ್ನ ಸ್ವಲ್ಪ ಕೆಂಪ ಐತಿ ನಂದು’ ಅಂತ ಮೂರು ಸಲ ಮತ್ತೆ ತೆಗೆಸಿದರು. ವೈಟ್ ಬ್ಯಾಲೆನ್ಸನ್ನು ಆಟೊದಿಂದ ಫ್ಲ್ಯಾಷ್‌ಗೆ ಬದಲಿಸಿದ ಮೇಲೆ ಆ ತಕರಾರೂ ನಿಂತಿತು. ಐವತ್ತು ವರ್ಷ ತೊಗಲು ನೋಡಿದ ಕಣ್ಣು, ಹಿಸ್ಟೋಗ್ರಾಮ್‌ಗಿಂತ ಅದರ ಮಾತೇ ನನಗೆ ಹೆಚ್ಚು ಅನ್ನಿಸಿತು.

‘ಎಣ್ಣೆ ಕುಡಿದಂತೆ ಬಣ್ಣ ಗಾಢವಾಗುತ್ತದೆ’ ಅಂತ ಒಂದು ಸಾಲು ಪ್ರತಿ ಫೋಟೋದ ಕೆಳಗೆ ಸೇರಿಸೋದು ಗೆಳೆಯನ ಯೋಚನೆ. ಹೊಳ್ಳಿ ಬಂದ ಆರು ಜೋಡಿಗಳಲ್ಲಿ ನಾಲ್ಕು ಹೊಸ ಫೋಟೋ ಹಾಕಿದ ಮೇಲೆ ಹೋಗಿವೆ. ಎರಡು ಇನ್ನೂ ಮನೆಯಲ್ಲಿವೆ, ಅಳತೆ ಎಂಟು ಮತ್ತು ಒಂಬತ್ತು.

ನಿಮ್ಮಲ್ಲೂ ಇಂಥ ಬೆಳ್ಳಗಾದ ಫೋಟೋ ಇದ್ದರೆ ಕಳಿಸಿ. ಬರೀ ಫೋಟೋ ಸಾಲದು. ಎಷ್ಟು ದೂರದಿಂದ ತೆಗೆದಿರಿ, ಎಫ್ ಎಷ್ಟು, ಐಎಸ್‌ಒ ಎಷ್ಟು, ಕೆಳಗೆ ಏನು ಹಾಸಿದ್ದಿರಿ, 1/128 ಪರೀಕ್ಷೆಯಲ್ಲಿ ಏನಾಯಿತು, ಇಷ್ಟನ್ನೂ ಬರೆಯಿರಿ. ಗೋಡೆಯ ಬಣ್ಣ ಬರೆಯೋದನ್ನು ಮರೆಯಬೇಡಿ.